ನಿಘಂಟಿನಲ್ಲಿ ಸಿಗದ ಬೈಗುಳ

ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಅಧ್ಯಕ್ಷರ ಬಾಯಿಂದ ಪದೇ ಪದೇ ಬರುವ ಎಚ್ಚರಿಕೆಗಳು ಎರಡು. ಒಂದು, ಸಮಯ ಮುಗಿಯಿತು ಎಂಬುದು. ಇನ್ನೊಂದು, ವೈಯಕ್ತಿಕ ನಿಂದನೆ ಬೇಡ ಎಂಬುದು. ಮೊದಲನೆಯದು ಸರಿಯೋ ತಪ್ಪೋ ಎಂಬುದನ್ನು ಗಡಿಯಾರ ನೋಡಿ ಹೇಳಬಹುದು. ಎರಡನೆಯದಕ್ಕೆ ಅಂಥ ಗಡಿಯಾರವಿಲ್ಲ. ಅಧ್ಯಕ್ಷರು ನಿಂದನೆ ಎಂದರೆ ಅದು ನಿಂದನೆ. ಯಾವ ಮಾತು ನಿಂದನೆಯಾಯಿತು, ಯಾಕಾಯಿತು ಎಂದು ಕೇಳಲು ಎದ್ದು ನಿಂತವನು ಎರಡನೆಯ ಸಲ ನಿಂದಿಸಿದವನಾಗುತ್ತಾನೆ.

ಈ ಗೊಂದಲದಿಂದ ಹೆಚ್ಚು ನಷ್ಟವಾಗಿರುವುದು ವಿಮರ್ಶೆಗೆ. ಖಾರವಾಗಿ ಹೇಳಿದ್ದೆಲ್ಲ ನಿಂದೆ ಎಂದು ಕೆಲವರು ನಂಬಿದ್ದಾರೆ. ನಯವಾಗಿ ಹೇಳಿದ್ದು ಯಾವುದೂ ನಿಂದೆಯಲ್ಲ ಎಂದು ಇನ್ನು ಕೆಲವರು ನಂಬಿದ್ದಾರೆ. ಕೇಳಿದವರ ಮನಸ್ಸಿಗೆ ನೋವಾಯಿತಲ್ಲ, ಅದಕ್ಕಿಂತ ಬೇರೆ ಪುರಾವೆ ಬೇಕೆ ಎನ್ನುವವರೂ ಇದ್ದಾರೆ. ಈ ಮೂರು ಅಳತೆಗೋಲುಗಳೂ ಸರಿಯಲ್ಲ ಎಂಬುದು ನಮ್ಮ ತಿಳುವಳಿಕೆ. ಇದನ್ನು ಪರಿಶೀಲಿಸಲು ಫಾರಸಿ ಮತ್ತು ಉರ್ದು ಸಾಹಿತ್ಯದ ಒಂದು ಹಳೆಯ ಜಗಳ ನಮಗೆ ನೆರವಾಗುತ್ತದೆ. ಅದು ಶುರುವಾದದ್ದು ಒಂದು ನಿಘಂಟಿನಿಂದ, ಮುಗಿದದ್ದು ದೆಹಲಿಯ ಕೋರ್ಟಿನಲ್ಲಿ. ಜಗಳದ ನಡುವೆ ಇದ್ದವನು ಮಿರ್ಜಾ ಗಾಲಿಬ್.

*

1857ರ ದಂಗೆಯ ದಿನಗಳಲ್ಲಿ ಗಾಲಿಬ್ ದೆಹಲಿಯ ತನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಓದಲು ಕೈಗೆ ಸಿಕ್ಕ ಕೆಲವೇ ಪುಸ್ತಕಗಳಲ್ಲಿ 'ಬುರ್ಹಾನೆ ಕಾತೆ' ಎಂಬ ಫಾರಸಿ ನಿಘಂಟೂ ಒಂದು. ಈ ನಿಘಂಟು ನಮ್ಮ ದಖ್ಖನಿನ ಫಸಲು. 1652ರಲ್ಲಿ ಮುಹಮ್ಮದ್ ಹುಸೇನ್ ತಬ್ರೀಜಿ ಎಂಬವರು ಇದನ್ನು ಸಿದ್ಧಪಡಿಸಿ ಗೋಲ್ಕೊಂಡದ ಸುಲ್ತಾನ ಅಬ್ದುಲ್ಲಾ ಕುತುಬ್ ಶಾಹನಿಗೆ ಅರ್ಪಿಸಿದ್ದರು. 'ಬುರ್ಹಾನ್' ಎಂಬುದು ಅವರ ಕಾವ್ಯನಾಮ. ಫಾರಸಿ ಕಲಿಯುವ ಹಿಂದೂಸ್ತಾನದವರಿಗೆ ಇನ್ನೂರು ವರ್ಷಗಳ ಕಾಲ ಅದು ಆಧಾರ ಗ್ರಂಥವಾಗಿತ್ತು.

ಓದುತ್ತ ಹೋದ ಗಾಲಿಬ್‌ಗೆ ಅದರಲ್ಲಿ ತಪ್ಪುಗಳು ಕಂಡವು. ಅವನ್ನು ಗುರುತು ಹಾಕಿಕೊಂಡು, ಮುಂದೆ ಪುಸ್ತಕ ಮಾಡಿ, 1862ರಲ್ಲಿ ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ ಹೊರತಂದ. ಹೆಸರು 'ಕಾತೆ ಬುರ್ಹಾನ್'. ನಿಘಂಟಿನ ಹೆಸರನ್ನೇ ತಿರುಗಿಸಿ ಹಾಕಿದ ಚಮತ್ಕಾರ ಅದು. 'ಬುರ್ಹಾನೆ ಕಾತೆ' ಎಂದರೆ ಎದುರಾಡಲಾಗದಂತೆ ಕತ್ತರಿಸುವ ಪ್ರಮಾಣ. 'ಕಾತೆ ಬುರ್ಹಾನ್' ಎಂದರೆ ಆ ಪ್ರಮಾಣವನ್ನೇ ಕತ್ತರಿಸುವಂಥದ್ದು. ಆದರೆ ಬುರ್ಹಾನ್ ಎಂಬುದು ಲೇಖಕರ ಹೆಸರೂ ಆಗಿದ್ದರಿಂದ, ಬುರ್ಹಾನ್ ಎಂಬ ಮನುಷ್ಯನನ್ನು ಕತ್ತರಿಸುವಂಥದ್ದು ಎಂದೂ ಓದಬಹುದು. ಕತ್ತಿ ಬೀಳುತ್ತಿರುವುದು ಪುಸ್ತಕದ ಮೇಲೋ ಮನುಷ್ಯನ ಮೇಲೋ ಎಂಬ ಅನುಮಾನ ರಕ್ಷಾಪುಟದಲ್ಲೇ ಶುರುವಾಗುತ್ತದೆ.

ಒಳಗಡೆ ಎರಡು ಬಗೆಯ ಮಾತುಗಳಿವೆ. ಈ ಪದಕ್ಕೆ ಕೊಟ್ಟ ಅರ್ಥ ಸರಿಯಲ್ಲ, ಇದು ಇಂಥ ಧಾತುವಿನಿಂದ ಬಂದದ್ದಲ್ಲ, ಒಂದೇ ಪದವನ್ನು ಬೇರೆ ಬೇರೆ ಕಾಗುಣಿತದಲ್ಲಿ ಹಲವು ಸಲ ಕೊಡಲಾಗಿದೆ ಎಂಬುದು ಒಂದು ಬಗೆ. ಎಷ್ಟು ಒರಟಾಗಿ ಹೇಳಿದರೂ ಇದು ವಿಮರ್ಶೆಯೇ. ಇನ್ನೊಂದು ಬಗೆಯದು ಬೇರೆ. ಗಾಲಿಬ್ ನಿಘಂಟುಕಾರರನ್ನು ತಬ್ರೀಜಿ ಎಂದು ಕರೆಯಲು ಒಪ್ಪುವುದಿಲ್ಲ. 'ದಕನಿ' ಎನ್ನುತ್ತಾನೆ. ದಖ್ಖನಿನಲ್ಲಿ ಹುಟ್ಟಿದವನಿಗೆ ಫಾರಸಿ ಎಲ್ಲಿಂದ ಬರಬೇಕು ಎಂಬುದು ಆ ಒಂದು ಪದದ ಒಳಗಿರುವ ವಾದ.

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. 'ದಕನಿ' ಎಂಬುದು ಬೈಗುಳವೆ? ಯಾವ ನಿಘಂಟನ್ನು ತೆರೆದರೂ ಅದರ ಅರ್ಥ ದಖ್ಖನಿನವನು ಎಂದಷ್ಟೇ. ಅದರಲ್ಲಿ ಕೊಳಕಿಲ್ಲ, ಸುಳ್ಳೂ ಇಲ್ಲ, ಆ ಮನುಷ್ಯ ಇದ್ದದ್ದು ದಖ್ಖನಿನಲ್ಲೇ. ಆದರೂ ಆ ಪದ ಅಲ್ಲಿ ಮಾಡುತ್ತಿರುವ ಕೆಲಸ ಬೈಗುಳದ್ದು. ಪದದ ಅರ್ಥ ತಪ್ಪು ಎಂದರೆ ನಿಘಂಟುಕಾರ ಆಧಾರ ತೋರಿಸಬಹುದು, ಅಥವಾ ಒಪ್ಪಿಕೊಳ್ಳಬಹುದು. ನೀನು ದಕನಿ ಎಂದರೆ ಅವನು ಏನು ಉತ್ತರ ಕೊಡಬೇಕು? ಹುಟ್ಟಿದ ಊರನ್ನು ತಿದ್ದಿಕೊಂಡು ಎರಡನೆಯ ಮುದ್ರಣ ತರಲು ಆಗುವುದಿಲ್ಲವಲ್ಲ.

ನಿಂದನೆಯನ್ನು ಗುರುತಿಸುವ ಮೊದಲ ಕುರುಹು ಇದೇ ಎಂದು ನಮಗನಿಸುತ್ತದೆ. ಉತ್ತರಕ್ಕೆ ಎಡೆಯಿಟ್ಟ ಮಾತು ಎಷ್ಟೇ ಕಟುವಾಗಿರಲಿ, ಅದು ಟೀಕೆ. ಉತ್ತರದ ಬಾಗಿಲನ್ನು ಮುಚ್ಚಿ, ಮನುಷ್ಯ ತಾನು ಆರಿಸಿಕೊಳ್ಳದ ಸಂಗತಿಯನ್ನು ಅವನ ವಾದದ ಜಾಗದಲ್ಲಿ ತಂದಿಡುವ ಮಾತು ಎಷ್ಟೇ ಮೃದುವಾಗಿರಲಿ, ಅದು ನಿಂದನೆ.

ಗಾಲಿಬ್‌ಗೆ ಈ ಚಾಳಿ ಹೊಸದೇನೂ ಆಗಿರಲಿಲ್ಲ. 1828ರಲ್ಲಿ ಪಿಂಚಣಿಯ ಕೆಲಸಕ್ಕೆಂದು ಕಲ್ಕತ್ತೆಗೆ ಹೋಗಿದ್ದಾಗ ಒಂದು ಮುಶಾಯಿರಾದಲ್ಲಿ ಅವನ ಫಾರಸಿ ಪ್ರಯೋಗಗಳಿಗೆ ಆಕ್ಷೇಪಣೆ ಬಂತು. ಆಕ್ಷೇಪಿಸಿದವರು ಮಿರ್ಜಾ ಕತೀಲರನ್ನು ಆಧಾರವಾಗಿ ತೋರಿಸಿದರು. ಫರೀದಾಬಾದಿನ ಖತ್ರಿಯೊಬ್ಬನ ಮಾತನ್ನು ತಾನು ಪ್ರಮಾಣವೆಂದು ಒಪ್ಪುವುದಿಲ್ಲ ಎಂಬುದು ಗಾಲಿಬ್ ಕೊಟ್ಟ ಉತ್ತರ. ಕತೀಲರು ಖತ್ರಿ ಮನೆತನದಲ್ಲಿ ಹುಟ್ಟಿ ಎಳೆಯ ವಯಸ್ಸಿನಲ್ಲೇ ಇಸ್ಲಾಂ ಸ್ವೀಕರಿಸಿದವರು, ಫಾರಸಿಯಲ್ಲಿ ಹೆಸರು ಮಾಡಿದ ವಿದ್ವಾಂಸರು. ಅವರು ಬದುಕಿನಲ್ಲಿ ಆರಿಸಿಕೊಂಡದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ, ಹುಟ್ಟಿದ ಜಾತಿ ಮಾತ್ರ ಲೆಕ್ಕಕ್ಕೆ ಬಂತು. ಸಭೆ ಕೆರಳಿತು. ಕೊನೆಗೆ ಗಾಲಿಬ್ 'ಬಾದೆ ಮುಖಾಲಿಫ್' ಎಂಬ ಮಸ್ನವಿ ಬರೆದು ಕಲ್ಕತ್ತೆಯವರನ್ನು ಸಮಾಧಾನಪಡಿಸಲು ನೋಡಿದ.

ಸಮಾನತೆಯ ಧರ್ಮಕ್ಕೆ ಸೇರಿದವರು ನಾವು ಎಂದು ಭಾಷಣಗಳಲ್ಲಿ ಹೇಳಿಕೊಳ್ಳುವ ನಮಗೆ ಕಲ್ಕತ್ತೆಯ ಈ ಪ್ರಸಂಗ ಕಸಿವಿಸಿ ತರಬೇಕು. ಇಂದಿಗೂ ನಮ್ಮ ಮೊಹಲ್ಲಾಗಳಲ್ಲಿ ವಾದದಲ್ಲಿ ಸೋಲುತ್ತಿರುವವನ ಕೊನೆಯ ಆಯುಧ, ಎದುರಿಗಿರುವವನ ಅಜ್ಜ ಏನು ಕಸುಬು ಮಾಡುತ್ತಿದ್ದ ಎಂಬುದೇ.

*

'ಕಾತೆ ಬುರ್ಹಾನ್' ಹೊರಬಂದದ್ದೇ ತಡ, ಉತ್ತರಗಳ ಮಳೆ ಸುರಿಯಿತು. ಅವುಗಳ ಹೆಸರುಗಳನ್ನು ನೋಡಿದರೆ ಜಗಳ ಹೇಗೆ ಕಾವೇರಿತು ಎಂಬುದು ತಿಳಿಯುತ್ತದೆ. ಒಬ್ಬರು ಬರೆದದ್ದು 'ಮುಹ್ರಿಕೆ ಕಾತೆ ಬುರ್ಹಾನ್', ಅಂದರೆ ಕಾತೆ ಬುರ್ಹಾನನ್ನು ಸುಡುವಂಥದ್ದು. ಪಟಿಯಾಲದ ಅಮೀನುದ್ದೀನ್ ಬರೆದದ್ದು 'ಕಾತೆ ಉಲ್ ಕಾತೆ', ಅಂದರೆ ಕತ್ತರಿಸುವುದನ್ನು ಕತ್ತರಿಸುವಂಥದ್ದು. ಕಲ್ಕತ್ತೆಯ ಆಗಾ ಅಹ್ಮದ್ ಅಲಿಯವರು 'ಮುಅಯ್ಯಿದೆ ಬುರ್ಹಾನ್' ಬರೆದು ನಿಘಂಟಿನ ಪರ ನಿಂತರು. ಅದಕ್ಕೆ ಗಾಲಿಬ್ 1867ರಲ್ಲಿ 'ತೇಗೆ ತೇಜ್' ಬರೆದ, ಹರಿತವಾದ ಖಡ್ಗ ಎಂದು. ಅದಕ್ಕೆ ಎದುರಾಗಿ ಆಗಾ ಅವರಿಂದ 'ಶಂಶೇರೆ ತೇಜ್‌ತರ್' ಬಂತು, ಇನ್ನೂ ಹರಿತವಾದ ಖಡ್ಗ ಎಂದು.

ಇವರಲ್ಲಿ ಮೀರತ್ತಿನ ರಹೀಮ್ ಬೇಗ್ ಎಂಬ ಶಿಕ್ಷಕರೂ ಇದ್ದರು. ಅವರಿಗೆ ಕಣ್ಣು ಹೋಗಿತ್ತು. ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ ಗಾಲಿಬ್ ಅವರ ಕುರುಡುತನವನ್ನು ಎತ್ತಾಡಿ, ಸಾಲದ್ದಕ್ಕೆ ದಡ್ಡನೂ ಹೌದು ಎಂದು ಗೇಲಿ ಮಾಡುತ್ತಾನೆ. ದಡ್ಡ ಎಂಬುದನ್ನು ಪುಸ್ತಕ ನೋಡಿ ಹೇಳಿದ ಮಾತು ಎಂದುಕೊಳ್ಳೋಣ. ಕುರುಡುತನಕ್ಕೂ ಪುಸ್ತಕಕ್ಕೂ ಏನು ಸಂಬಂಧ?

ಹಾಗಾದರೆ ಒಬ್ಬನ ದೇಹದ ಊನವನ್ನು ಹೇಳುವುದೇ ನಿಂದನೆಯೆ? ಅದೂ ಅಲ್ಲ. ಹದೀಸ್ ಶಾಸ್ತ್ರದ ದೊಡ್ಡ ಹೆಸರುಗಳಲ್ಲಿ ಸುಲೈಮಾನ್ ಅಲ್-ಆಮಶ್ ಒಬ್ಬರು. ಆಮಶ್ ಎಂದರೆ ಕಣ್ಣು ಮಂಜಾದವನು. ಇನ್ನೊಬ್ಬರು ಅಲ್-ಆರಜ್, ಅಂದರೆ ಕುಂಟ. ಸಾವಿರಾರು ಸಲ ಈ ಹೆಸರುಗಳನ್ನು ವಿದ್ವಾಂಸರು ಗೌರವದಿಂದಲೇ ಉಚ್ಚರಿಸಿದ್ದಾರೆ. ಅಡ್ಡಹೆಸರುಗಳಿಂದ ಒಬ್ಬರನ್ನೊಬ್ಬರು ಹಂಗಿಸುವುದನ್ನು ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯ ನಿಷೇಧಿಸಿರುವುದು ಅವರಿಗೆ ಗೊತ್ತಿಲ್ಲದೆ ಏನಲ್ಲ. ಗುರುತಿಗಾಗಿ ಹೇಳುವುದು ಬೇರೆ, ಕೀಳುಮಾಡಲು ಹೇಳುವುದು ಬೇರೆ ಎಂದು ಇಮಾಮ್ ನವವಿಯಂಥವರು ವಿವರಿಸಿದ್ದಾರೆ. ಪದ ಒಂದೇ, ಕೆಲಸ ಎರಡು.

ಈ ಶಾಸ್ತ್ರದಿಂದ ನಾವು ಕಲಿಯಬೇಕಾದ ಇನ್ನೊಂದು ವಿಷಯವಿದೆ. ವ್ಯಕ್ತಿಯ ಬಗ್ಗೆ ಮಾತಾಡಲೇಬಾರದು ಎಂಬ ನಿಯಮ ಅಲ್ಲಿಲ್ಲ. ಹದೀಸ್ ನಿವೇದಕರನ್ನು ತೂಗಿ ನೋಡುವ 'ಜರಹ್ ವ ತಾದೀಲ್' ಎಂಬ ಶಾಖೆಯೇ ಇದೆ. ಇವನ ನೆನಪು ಸರಿಯಿಲ್ಲ, ಇವನು ಸುಳ್ಳು ಹೇಳುವವನು, ಇವನು ಮುದಿತನದಲ್ಲಿ ಗೊಂದಲ ಮಾಡಿಕೊಂಡ ಎಂದು ಹೆಸರು ಹಿಡಿದು ಬರೆದಿದ್ದಾರೆ. ಬೆನ್ನ ಹಿಂದೆ ಆಡಿಕೊಳ್ಳುವುದು ನಿಜವಾದ ಸಂಗತಿಯೇ ಆದರೂ ಗೀಬತ್, ಅದು ಪಾಪ ಎಂದು ನಂಬಿದ ಜನ ಇವರು. ಆದರೂ ಬರೆದರು. ಯಾಕೆಂದರೆ ಸಾಕ್ಷಿ ಹೇಳುವವನ ನಂಬಿಕೆಯೇ ಅಲ್ಲಿ ಪ್ರಶ್ನೆ. ಜೊತೆಗೆ ಒಂದು ಮಿತಿಯನ್ನೂ ಹಾಕಿಕೊಂಡರು. ಎಷ್ಟು ಅಗತ್ಯವೋ ಅಷ್ಟನ್ನೇ ಹೇಳಬೇಕು. ನೆನಪು ಸರಿಯಿಲ್ಲ ಎಂದರೆ ಸಾಕಾಗುವ ಕಡೆ ಅವನ ಮನೆಯ ವಿಚಾರ ಎತ್ತಬಾರದು.

ನಮ್ಮ ಅಧ್ಯಕ್ಷರುಗಳು ಬಳಸುವ 'ವೈಯಕ್ತಿಕ' ಎಂಬ ಪದದ ದೋಷ ಇಲ್ಲಿ ಕಾಣುತ್ತದೆ. ಸಾರ್ವಜನಿಕ ಹಣದ ಲೆಕ್ಕ ಕೊಡದವನಿಗೆ ಲೆಕ್ಕ ಎಲ್ಲಿ ಎಂದು ಕೇಳುವುದು ವ್ಯಕ್ತಿಗೆ ಸಂಬಂಧಿಸಿದ್ದೇ, ಆದರೆ ನಿಂದನೆಯಲ್ಲ. ಬೇರೆಯವರ ಕತೆಯನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದವನನ್ನು ಕಳ್ಳ ಎಂದು ಪುರಾವೆ ಸಮೇತ ಹೇಳುವುದೂ ಹಾಗೆಯೇ. ವ್ಯಕ್ತಿಯ ನಡತೆಯೇ ಚರ್ಚೆಯ ವಿಷಯವಾಗಿರುವಾಗ ವೈಯಕ್ತಿಕ ಬೇಡ ಎನ್ನುವುದು ತಪ್ಪಿಸಿಕೊಳ್ಳಲು ಹಿಂಬಾಗಿಲು ತೆರೆದುಕೊಟ್ಟ ಹಾಗೆ.

*

ಮತ್ತೆ ಗಾಲಿಬ್‌ಗೆ ಬರೋಣ. ಅಮೀನುದ್ದೀನರ ಪುಸ್ತಕದಲ್ಲಿ ಬೈಗುಳಗಳು ಧಾರಾಳವಾಗಿದ್ದವು. ಇದಕ್ಕೆ ಯಾಕೆ ಉತ್ತರ ಬರೆಯಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಕತ್ತೆ ಒದ್ದರೆ ನೀವೂ ತಿರುಗಿ ಒದೆಯುತ್ತೀರಾ ಎಂದು ಗಾಲಿಬ್ ಕೇಳಿದನಂತೆ. 1897ರಲ್ಲಿ ಪ್ರಕಟವಾದ 'ಯಾದಗಾರೆ ಗಾಲಿಬ್' ಪುಸ್ತಕದಲ್ಲಿ ಶಿಷ್ಯ ಮೌಲಾನಾ ಹಾಲಿಯವರು ಇದನ್ನು ದಾಖಲಿಸಿದ್ದಾರೆ. ಆದರೆ ಮಾತಿನಲ್ಲಿ ಹೀಗೆ ತೇಲಿಸಿಬಿಟ್ಟ ಗಾಲಿಬ್ ಒಳಗೆ ಬೆಂದಿರಬೇಕು. 1867ರ ಕೊನೆಯಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅಮೀನುದ್ದೀನರ ಮೇಲೆ ದೆಹಲಿಯ ಕೋರ್ಟಿನಲ್ಲಿ ಮಾನಹಾನಿ ದಾವೆ ಹೂಡಿದ.

ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ರಂದು, ಅಂದರೆ 'ಕಾತೆ ಬುರ್ಹಾನ್' ಅಚ್ಚಾದ ವರ್ಷವೇ. ಆ ಸಂಹಿತೆಯ 499ನೆಯ ಕಲಮು ಮಾನಹಾನಿಯದು. ಅದಕ್ಕಿರುವ ಹತ್ತು ವಿನಾಯಿತಿಗಳಲ್ಲಿ ಆರನೆಯದು ನಮ್ಮಂಥ ಬರೆಯುವವರಿಗೆ ಸಂಬಂಧಿಸಿದ್ದು. ಪುಸ್ತಕ ಪ್ರಕಟಿಸಿದವನು ಅದನ್ನು ಜನರ ತೀರ್ಮಾನಕ್ಕೆ ಒಪ್ಪಿಸಿದವನು. ಆದ್ದರಿಂದ ಆ ಪುಸ್ತಕದ ಬಗ್ಗೆ, ಪುಸ್ತಕದಲ್ಲಿ ಕಾಣುವಷ್ಟರ ಮಟ್ಟಿಗೆ ಲೇಖಕನ ಗುಣದ ಬಗ್ಗೆಯೂ, ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದು ಅಪರಾಧವಲ್ಲ. ಕಾನೂನು ಉದಾಹರಣೆಯನ್ನೂ ಕೊಟ್ಟಿದೆ. ಪುಸ್ತಕ ಮೂರ್ಖತನದ್ದು, ಹಾಗಾಗಿ ಬರೆದವನು ದುರ್ಬಲ ಬುದ್ಧಿಯವನಿರಬೇಕು ಎನ್ನಬಹುದು. ಆದರೆ ಅವನು ದುರ್ಬಲ ಬುದ್ಧಿಯವನು, ಲಂಪಟ, ಹಾಗಾಗಿ ಅವನ ಪುಸ್ತಕ ಮೂರ್ಖತನದ್ದಾಗಿರುವುದರಲ್ಲಿ ಆಶ್ಚರ್ಯವಿಲ್ಲ ಎಂದರೆ ಈ ರಕ್ಷಣೆ ಸಿಗುವುದಿಲ್ಲ.

ಎರಡೂ ವಾಕ್ಯಗಳಲ್ಲಿ ಇರುವ ಕೆಟ್ಟ ಪದಗಳು ಹೆಚ್ಚುಕಡಿಮೆ ಒಂದೇ ಎಂಬುದನ್ನು ನೋಡಿ. ವ್ಯತ್ಯಾಸ ಇರುವುದು ದಿಕ್ಕಿನಲ್ಲಿ. ಕೃತಿಯಿಂದ ಹೊರಟು ಕರ್ತೃವಿನ ಕಡೆಗೆ ಬಂದರೆ ವಿಮರ್ಶೆ. ಕರ್ತೃವಿನಿಂದ ಹೊರಟು ಕೃತಿಯ ಮೇಲೆ ಬಿದ್ದರೆ ನಿಂದನೆ. 2024ರ ಜುಲೈ 1ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 356ನೆಯ ಕಲಮಿನಲ್ಲಿ ಈ ವಿನಾಯಿತಿ ಉಳಿದುಕೊಂಡಿದೆ. ವಸಾಹತು ಕಾಲದ ಕಾನೂನುಗಳ ಬಗ್ಗೆ ನಮಗೆ ಎಷ್ಟೇ ತಕರಾರಿದ್ದರೂ ಇಷ್ಟು ಸ್ಪಷ್ಟವಾದ ಗೆರೆಯನ್ನು ನಮ್ಮ ಯಾವ ಸಾಹಿತ್ಯ ಸಂಘವೂ ಎಳೆದಿದ್ದನ್ನು ನಾವು ಕಂಡಿಲ್ಲ.

ಗೆರೆ ಇದ್ದರೂ ಗಾಲಿಬ್‌ಗೆ ಅದು ಒದಗಿ ಬರಲಿಲ್ಲ. ಕೋರ್ಟು ದೆಹಲಿಯ ವಿದ್ವಾಂಸರನ್ನು ಸಾಕ್ಷಿಗಳಾಗಿ ಕರೆಸಿ, ಪುಸ್ತಕದ ಆ ವಾಕ್ಯಗಳ ಅರ್ಥವೇನು ಎಂದು ಕೇಳಿತು. ಹಾಲಿಯವರು ಹೇಳುವಂತೆ, ಆಪಾದಿತನಿಗೆ ತೊಂದರೆಯಾಗದ ರೀತಿಯಲ್ಲಿ ಅವರು ಅರ್ಥ ಬಿಡಿಸಿ ಹೇಳಿದರು. ಅವರಲ್ಲಿ ಗಾಲಿಬ್‌ನ ಪರಿಚಯಸ್ಥರೂ ಇದ್ದರು. ನಿಘಂಟಿನ ಅರ್ಥಗಳನ್ನು ಪ್ರಶ್ನಿಸಿ ಶುರುವಾದ ಜಗಳ, ನಿಘಂಟಿನ ಅರ್ಥಗಳನ್ನೇ ಗುರಾಣಿ ಮಾಡಿಕೊಂಡವರ ಮುಂದೆ ಸೋತಿತು. 1868ರಲ್ಲಿ ಗಾಲಿಬ್ ರಾಜಿನಾಮೆ ಬರೆದುಕೊಟ್ಟು ದಾವೆ ಮುಗಿಸಿದ. ಅಲ್ಲಿಂದ ಒಂದು ವರ್ಷ ತುಂಬುವ ಮೊದಲೇ, 1869ರ ಫೆಬ್ರವರಿಯಲ್ಲಿ ತೀರಿಕೊಂಡ.

ಈ ದಿನಗಳಲ್ಲಿ ಅವನಿಗೆ ಹೆಸರಿಲ್ಲದ ಬೈಗುಳದ ಕಾಗದಗಳು ಬರುತ್ತಿದ್ದವು. ಒಂದರಲ್ಲಿ ಯಾರೋ ತಾಯಿಯನ್ನು ಹಿಡಿದು ಬೈದಿದ್ದರು. ಗಾಲಿಬ್ ನಕ್ಕು, ಈ ದಡ್ಡನಿಗೆ ಬೈಯಲೂ ಬರುವುದಿಲ್ಲ ಎಂದನಂತೆ. ಮುದುಕನಿಗೆ ಮಗಳನ್ನು ಹಿಡಿದು ಬೈಯಬೇಕು, ಯುವಕನಿಗೆ ಹೆಂಡತಿಯನ್ನು, ಮಗುವಿಗೆ ತಾಯಿಯನ್ನು, ಯಾರಿಗೆ ಯಾರ ಮೇಲೆ ಹೆಚ್ಚು ಪ್ರೀತಿಯೋ ಹಾಗೆ, ಎಂಬುದು ಅವನ ವಿವರಣೆ. ಈ ಪ್ರಸಂಗವನ್ನು ಹೇಳಿ ನಗುವವರನ್ನು ನಾವು ಉರ್ದು ಮೆಹಫಿಲ್‌ಗಳಲ್ಲಿ ಬೇಕಾದಷ್ಟು ನೋಡಿದ್ದೇವೆ. ನಗು ಬರುವುದು ನಿಜ. ಆದರೆ ಮಗಳು, ಹೆಂಡತಿ, ತಾಯಿ, ಈ ಮೂವರಲ್ಲಿ ಯಾರೊಬ್ಬರಾದರೂ 'ಬುರ್ಹಾನೆ ಕಾತೆ' ಬಗ್ಗೆ ಒಂದು ಮಾತಾಡಿದ್ದರೆ? ಗಂಡಸರ ಜಗಳದಲ್ಲಿ ಇಲ್ಲವೇ ಇಲ್ಲದ ಹೆಂಗಸು ಬೈಗುಳದಲ್ಲಿ ಮಾತ್ರ ಯಾವಾಗಲೂ ಇರುತ್ತಾಳೆ. ಬೈಗುಳದ ವ್ಯಾಕರಣ ಬಲ್ಲ ಮಹಾಕವಿಗೂ ಅದು ಹೊಳೆಯಲಿಲ್ಲ.

*

ದೆಹಲಿಯ ಕತೆ ಕರ್ನಾಟಕದವರಿಗೆ ಯಾಕೆ ಎಂದು ಕೇಳಬಹುದು. 'ದಕನಿ' ಎಂಬ ಆ ಪದ ಇನ್ನೂ ಸತ್ತಿಲ್ಲ, ಅದಕ್ಕೆ. ನಮ್ಮ ಮನೆಮಾತು ದಖ್ಖನಿ ಉರ್ದು. 'ನಕ್ಕೋ', 'ಹೌ' ಎಂದು ಮಾತಾಡುವ ನಮ್ಮನ್ನು ಉತ್ತರದಿಂದ ಬಂದ ಶಾಯರರು ನಗುತ್ತ ನೋಡುತ್ತಾರೆ. ನಮ್ಮ ಗಜಲಿನ ತೂಕ ತಪ್ಪಿದ್ದರೆ ತಪ್ಪಿದ ಸಾಲು ತೋರಿಸಬೇಕು. ಅದರ ಬದಲು ದಖ್ಖನಿಯವರಲ್ಲವೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಕನ್ನಡದ ಕಡೆಗೆ ಬಂದರೆ ಅದೇ ಸಂಗತಿಗೆ ಹೊಗಳಿಕೆಯ ವೇಷ. ಹಿಂದೊಮ್ಮೆ ಜಿಲ್ಲಾ ಕೇಂದ್ರವೊಂದರ ಕಥಾಗೋಷ್ಠಿಯಲ್ಲಿ ನಾವು ಕತೆ ಓದಿದೆವು. ಪ್ರತಿಕ್ರಿಯೆಗೆ ನಿಂತ ವಿಮರ್ಶಕರು, ಕನ್ನಡ ಎಷ್ಟು ಸ್ವಚ್ಛವಾಗಿದೆ ನೋಡಿ, ಸಾಬರು ಬರೆದದ್ದು ಎಂದು ಅನ್ನಿಸುವುದೇ ಇಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಕತೆಯ ಬಗ್ಗೆ ಒಂದು ಮಾತೂ ಬರಲಿಲ್ಲ. ಸರ್, ಕತೆ ಹೇಗಿದೆ ಹೇಳಲಿಲ್ಲವಲ್ಲ, ನೀವು ಓದಿದ್ದು ಕತೆಯನ್ನೋ ನಮ್ಮ ಹೆಸರನ್ನೋ ಎಂದು ಕೇಳಿದೆವು. ತಕ್ಷಣ ವೇದಿಕೆಯಿಂದ ಎಚ್ಚರಿಕೆ ಬಂತು, ದಯವಿಟ್ಟು ವೈಯಕ್ತಿಕ ಆಗಬೇಡಿ ಎಂದು. ನಮ್ಮ ಹುಟ್ಟನ್ನು ಮೈಕಿನಲ್ಲಿ ಎತ್ತಾಡಿದ್ದು ವೈಯಕ್ತಿಕವಾಗಲಿಲ್ಲ. ಅದನ್ನು ಎತ್ತಬೇಡಿ ಎಂದದ್ದು ವೈಯಕ್ತಿಕವಾಯಿತು. ಆ ವಿಮರ್ಶಕರು ಕೆಟ್ಟ ಮನಸ್ಸಿನಿಂದ ಹೇಳಿದರು ಎಂದು ನಾವು ಎಣಿಸುವುದಿಲ್ಲ. ಆದರೆ ಮೇಲಿನ ಗೆರೆಯಲ್ಲಿಟ್ಟು ನೋಡಿದರೆ ಮಾತು ಹೊರಟದ್ದು ಕರ್ತೃವಿನಿಂದ, ಕೃತಿಯ ತನಕ ಅದು ಬರಲೇ ಇಲ್ಲ.

ಇದಕ್ಕಿಂತ ದೊಡ್ಡ ಉದಾಹರಣೆಗಳು ಮೈಸೂರಿನಲ್ಲೇ ಇವೆ. 1973ರ ನವೆಂಬರಿನಲ್ಲಿ ಆಗಿನ ಮಂತ್ರಿ ಬಿ. ಬಸವಲಿಂಗಪ್ಪನವರು ಅಲ್ಲಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಬೂಸಾ ಒರಟು ಪದವೇ. ಆದರೆ ಅದು ಹೊರಟದ್ದು ಪುಸ್ತಕಗಳ ಕಡೆಗೆ, ಯಾರ ಹುಟ್ಟಿನ ಕಡೆಗೂ ಅಲ್ಲ. ಅಲ್ಲ, ಈ ಪುಸ್ತಕ ನೋಡಿ, ಇದು ಕಾಳು ಎಂದು ತೋರಿಸಲು ಎದುರಾಳಿಗಳಿಗೆ ಪೂರ್ತಿ ಅವಕಾಶವಿತ್ತು. ಆದದ್ದು ಬೇರೆ. ಬೀದಿಯಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿಗೆ ರಾಜೀನಾಮೆ ಕೊಡಬೇಕಾಯಿತು. ಪುಸ್ತಕಗಳ ಬಗ್ಗೆ ಆಡಿದ ಮಾತಿಗೆ ಶಿಕ್ಷೆಯಾಯಿತು. ಒಂದು ಹುಟ್ಟಿನವರು ಎಂಬ ಕಾರಣಕ್ಕೇ ಹುಡುಗರು ಏಟು ತಿಂದದ್ದನ್ನು ಯಾವ ಅಧ್ಯಕ್ಷರೂ ನಿಂದನೆ ಎಂದು ಕರೆಯಲಿಲ್ಲ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ನಮ್ಮ ಹಿರಿಯ ಕತೆಗಾರ್ತಿ ಬಾನು ಮುಷ್ತಾಕ್ ಅವರನ್ನು ಸರ್ಕಾರ ಆ ವರ್ಷದ ದಸರಾ ಉದ್ಘಾಟನೆಗೆ ಕರೆಯಿತು. ವಿರೋಧ ಬಂತು. ಆ ವಿರೋಧದಲ್ಲಿ ಎರಡು ಎಳೆಗಳಿದ್ದವು. 2023ರ ಭಾಷಣವೊಂದರಲ್ಲಿ ಅವರು ಕನ್ನಡವನ್ನು ಭುವನೇಶ್ವರಿಯಾಗಿಸಿದ್ದರ ಬಗ್ಗೆ ಆಡಿದ ಮಾತುಗಳನ್ನು ಒಪ್ಪುವುದಿಲ್ಲ ಎಂಬುದು ಒಂದು. ಅದಕ್ಕೆ ಉತ್ತರ ಕೊಡಬಹುದು, ಚರ್ಚೆ ಮಾಡಬಹುದು, ಭಾಷಣ ನಮ್ಮ ಮುಂದೆ ಇದೆ. ಆ ತಕರಾರನ್ನು ನಿಂದನೆ ಎಂದು ನಾವು ಕರೆಯಬಾರದು. ಮುಸ್ಲಿಂ ಹೆಣ್ಣುಮಗಳು ದಸರಾ ಉದ್ಘಾಟಿಸಬಾರದು ಎಂಬುದು ಇನ್ನೊಂದು. ಅದಕ್ಕೆ ಬಾನು ಅವರು ಏನು ಉತ್ತರ ಕೊಡಬೇಕಿತ್ತು? ಹೈಕೋರ್ಟೂ ಸುಪ್ರೀಂ ಕೋರ್ಟೂ ಅರ್ಜಿಗಳನ್ನು ತಳ್ಳಿಹಾಕಿದವು, ಅವರು ಉದ್ಘಾಟಿಸಿದರು. ಆದರೆ ಚರ್ಚೆಯ ಉದ್ದಕ್ಕೂ ಈ ಎರಡು ಎಳೆಗಳನ್ನು ಬಿಡಿಸಿ ತೋರಿಸಿದವರು ಕಡಿಮೆ. ವಿರೋಧಿಸಿದವರೆಲ್ಲ ನಿಂದಕರು ಎಂದು ಒಂದು ಕಡೆ, ನಾವು ಭಾಷಣವನ್ನಷ್ಟೇ ಟೀಕಿಸಿದೆವು ಎಂದು ಇನ್ನೊಂದು ಕಡೆ. ಎರಡನೆಯವರಿಗೆ ಭಾಷಣ ಒಂದು ನೆಪವಾಗಿತ್ತೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಒಂದು ಪ್ರಶ್ನೆ ಸಾಕಿತ್ತು. ಇದೇ ಮಾತನ್ನು ಬೇರೆ ಹೆಸರಿನವರು ಹೇಳಿದ್ದರೆ ನೀವು ಇಷ್ಟೇ ವಿರೋಧಿಸುತ್ತಿದ್ದಿರಾ?

ಇದೇ ಪ್ರಶ್ನೆಯನ್ನು ನಮ್ಮವರಿಗೂ ಕೇಳಬೇಕು. ಮುಸ್ಲಿಂ ಹೆಣ್ಣುಮಗಳೊಬ್ಬಳು ತಲಾಕ್ ಬಗ್ಗೆ, ಮಸೀದಿಯ ಬಾಗಿಲಿನ ಬಗ್ಗೆ ಕತೆ ಬರೆದರೆ ಕತೆಯನ್ನು ಓದದೆ ಅವಳ ಬುರ್ಖಾ ಎಲ್ಲಿ, ಗಂಡ ಯಾರು, ಮಕ್ಕಳಿಗೆ ಏನು ಹೆಸರಿಟ್ಟಿದ್ದಾಳೆ ಎಂದು ಹೊರಡುವವರು ನಮ್ಮಲ್ಲಿ ಕಡಿಮೆಯೇ? ಹೊರಗಿನವರು ನಮ್ಮ ಹುಟ್ಟನ್ನು ಹಿಡಿದು ಆಡಿದಾಗ ಉರಿದೇಳುವ ನಾವು, ಒಳಗಿನವಳ ಬಾಳನ್ನು ಹಿಡಿದು ಆಡುವಾಗ ಅದಕ್ಕೆ ದೀನಿನ ಕಾಳಜಿ ಎಂದು ಹೆಸರಿಡುತ್ತೇವೆ.

*

ಎಚ್ಚರಿಕೆ ಕೊಡುವವರೇ ಬೇಡ ಎಂದು ನಮ್ಮ ವಾದವಲ್ಲ. ಅಧ್ಯಕ್ಷರಿಲ್ಲದ ಸಭೆಯಲ್ಲಿ ಗೆಲ್ಲುವುದು ದೊಡ್ಡ ಗಂಟಲು. ನಾವು ಕೇಳುವುದು ಇಷ್ಟೆ. ಎಚ್ಚರಿಕೆ ಕೊಡುವವರು ಯಾವ ಮಾತಿಗೆ ಎಂದು ಬೆರಳಿಟ್ಟು ತೋರಿಸಬೇಕು. ಒಟ್ಟಾರೆ ನಿಮ್ಮ ಧಾಟಿ ಸರಿಯಿಲ್ಲ ಎಂದರೆ ಅದು ತೀರ್ಪಲ್ಲ, ಮುನಿಸು. ಆ ಮಾತು ಕೃತಿಯಿಂದ ಹೊರಟಿತೇ ಮನುಷ್ಯನಿಂದ ಹೊರಟಿತೇ, ಅದಕ್ಕೆ ಉತ್ತರ ಕೊಡಲು ಸಾಧ್ಯವಿದೆಯೇ ಎಂದು ನೋಡಬೇಕು. ಮುಂದಿನ ಸಾಲಿನಲ್ಲಿ ಕೂತ ಹಿರಿಯರಿಗೂ ಹಿಂದಿನ ಬೆಂಚಿನ ಹುಡುಗನಿಗೂ ಒಂದೇ ಅಳತೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಎಚ್ಚರಿಕೆಯನ್ನು ನಾನು ಒಪ್ಪುವುದಿಲ್ಲ, ಕಾರಣ ಹೇಳಿ ಎಂದು ಕೇಳುವುದು ಹೊಸ ಅಪರಾಧವಾಗಬಾರದು. ಕಾರಣ ಕೇಳುವ ಹಕ್ಕಿಲ್ಲದ ಕಡೆ ಎಚ್ಚರಿಕೆ ಎಂಬುದು ಬಾಯಿ ಮುಚ್ಚಿಸುವ ಇನ್ನೊಂದು ವಿಧಾನ ಅಷ್ಟೆ.

ಎಚ್ಚರಿಕೆ ಪಡೆದವರಿಗೂ ಒಂದು ಜವಾಬ್ದಾರಿ ಇದೆ. ನೇರವಾಗಿ ಮಾತಾಡುವವನು ನಾನು ಎಂದು ಎದೆ ತಟ್ಟಿಕೊಳ್ಳುವ ಮೊದಲು, ಆಡಿದ ಮಾತಿನಿಂದ ಎದುರಿನವರ ಊರು, ಜಾತಿ, ದೇಹ, ಮನೆಯ ಹೆಂಗಸರು ಇವಿಷ್ಟನ್ನು ತೆಗೆದುಹಾಕಿ ನೋಡಬೇಕು. ಆಮೇಲೂ ವಾದ ಉಳಿದರೆ ಅದು 'ಕಾತೆ ಬುರ್ಹಾನ್' ಪುಸ್ತಕದ ಮೊದಲ ಬಗೆಗೆ ಸೇರಿದ್ದು. ಏನೂ ಉಳಿಯದಿದ್ದರೆ ಅಧ್ಯಕ್ಷರು ಹೇಳಿದ್ದು ಸರಿ.

ಗಾಲಿಬ್‌ನ ಪದಜಗಳವನ್ನು ಇಪ್ಪತ್ತನೆಯ ಶತಮಾನದಲ್ಲಿ ಪಟ್ನಾದ ಖಾಜಿ ಅಬ್ದುಲ್ ವದೂದರಂಥ ಸಂಶೋಧಕರು ಮತ್ತೆ ಬಿಚ್ಚಿ ನೋಡಿದರು. ಹಲವು ಕಡೆ ಎಡವಿದ್ದು ಗಾಲಿಬ್‌ನೇ ಎಂದು ತೋರಿಸಿದರು. ಪದಗಳ ಮೇಲಿನ ಟೀಕೆಗೆ ಅಷ್ಟು ಆಯುಸ್ಸು ಇರುತ್ತದೆ, ನೂರು ವರ್ಷದ ನಂತರವೂ ಅದನ್ನು ತಿದ್ದಬಹುದು. ಇನ್ನು ಆ 'ದಕನಿ'ಯ ನಿಘಂಟು ಏನಾಯಿತು? ಕಳೆದ ಶತಮಾನದ ನಡುವೆ ತೆಹ್ರಾನಿನಲ್ಲಿ ಡಾ. ಮುಹಮ್ಮದ್ ಮೊಯೀನ್ ಅದನ್ನು ಹಲವು ಸಂಪುಟಗಳಲ್ಲಿ ಸಂಪಾದಿಸಿದರು. ತಪ್ಪಿರುವ ಕಡೆಗಳಲ್ಲಿ ಅಡಿಟಿಪ್ಪಣಿ ಹಾಕಿ ಇದು ತಪ್ಪು, ಇದು ಸರಿ ಎಂದು ಬರೆದರು. ಫಾರಸಿಯ ತವರಿನಲ್ಲಿ, ಫಾರಸಿ ಮನೆಮಾತಿನ ವಿದ್ವಾಂಸರು ಗೋಲ್ಕೊಂಡದ ಪುಸ್ತಕವನ್ನು ಎದುರಿಗಿಟ್ಟುಕೊಂಡು ಪದಪದವನ್ನೂ ಪರೀಕ್ಷಿಸಿದ್ದಾರೆ.